ನಿಮ್ಮ ಪ್ರಶ್ನೆ: ನೂರು ಜನ ಸೇರಿ ಒಂದು ಪದಕೋಶ ಬರೆಯುವುದು ಹೇಗೆ?

ಪ್ರಶ್ನೆ: ಸಾಗರ, ಸಿದ್ದಾಪುರ, ಶಿರಸಿ ಕಡೆಯ ನೂರಕ್ಕೂ ಹೆಚ್ಚು ಜನ ವಾಟ್ಸಾಪ್‌ನಲ್ಲಿ ಸೇರಿ ಅಡಿಕೆ ತೋಟದ ಪದಗಳನ್ನು ಕೂಡಿಹಾಕುತ್ತಿದ್ದೇವೆ. ಚೊಗರು, ಮೆಟ್ಟುಗತ್ತಿ, ಸೊಪ್ಪಿನಬೆಟ್ಟ, ಕೊನೆಗಾರ, ಇಂಥವು. ಎಲ್ಲರೂ ತಿದ್ದಬಹುದಾದ ಒಂದು ಡಾಕ್ಯುಮೆಂಟ್ ಮಾಡಿ ಗುಂಪಿಗೆ ಲಿಂಕ್ ಹಾಕಿದೆವು. ಎರಡು ವಾರ ಚೆನ್ನಾಗಿ ನಡೆಯಿತು. ಒಂದು ಬೆಳಿಗ್ಗೆ ನೋಡಿದರೆ ಅರ್ಧ ಬರಹವೇ ಇಲ್ಲ. ಯಾರದೋ ಬೆರಳು ತಾಗಿ ಅಳಿಸಿಹೋಗಿತ್ತು. ಅದನ್ನು ವಾಪಸ್ ತಂದೆವು. ಆದರೆ ಎಲ್ಲರಿಗಿಂತ ಜಾಸ್ತಿ ಪದ ಗೊತ್ತಿರುವ ನಮ್ಮ ನಿವೃತ್ತ ಮೇಷ್ಟ್ರು ಮಾತ್ರ "ನನ್ನಿಂದಲೇ ಆಯಿತೇನೋ, ಇನ್ನು ನಾನು ಕೈ ಹಾಕುವುದಿಲ್ಲ" ಎಂದು ಕೂತಿದ್ದಾರೆ. ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನಮ್ಮ ಗುಂಪಿಗೆ ಅಂತಲೇ ಒಂದು ಸಾಧನ ಬರೆಯುವ ಆಸೆ. ಅದು ಹೇಗಿರಬೇಕು?
— ಓದುಗರೊಬ್ಬರು, ಸಾಗರ

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೇಷ್ಟ್ರ ಮಾತು. ಕಳೆದುಹೋದ ಬರಹ ವಾಪಸ್ ಬಂತು ಅಂತೀರಿ. ಸರಿ, ಆದರೆ ಅದು ಬಂದದ್ದು ನಿಮ್ಮ ಕಣ್ಣೆದುರು, ಯಾವುದೋ ಮೆನುವಿನ ಒಳಗೆ ಹೋಗಿ ಹಳೆಯ ಪ್ರತಿ ಹುಡುಕಿದಾಗ. ಮೇಷ್ಟ್ರಿಗೆ ಕಂಡದ್ದು ಬರಹ ಮಾಯವಾದದ್ದು ಮಾತ್ರ. ಎಪ್ಪತ್ತು ದಾಟಿದವರಿಗೆ ಬಟನ್ ಅರ್ಥವಾಗುವುದಿಲ್ಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ, ಆದರೆ ನಾನು ಕಂಡಹಾಗೆ ಅವರು ಹೆದರುವುದು ಇನ್ನೊಬ್ಬರ ಶ್ರಮ ತಮ್ಮ ಕೈಯಲ್ಲಿ ಹಾಳಾದೀತು ಎಂದು. ಅದು ದೊಡ್ಡ ಮನಸ್ಸಿನ ಭಯ. ನಿಮ್ಮ ಸಾಧನ ಮೊದಲು ಅದನ್ನು ಕಳೆಯಬೇಕು.

ಹಾಗಾಗಿ ವಾಪಸ್ ತರುವ ದಾರಿಯನ್ನು ಮೆನುವಿನಿಂದ ಹೊರಗೆ ತನ್ನಿ. ಉಳಿಸಿದ ತಕ್ಷಣ ಪರದೆಯ ಮೇಲೆ ಎರಡು ಸಾಲು ಬರಲಿ: "ನೀವು ಬರೆದದ್ದು ಉಳಿಯಿತು. ಹಳೆಯದೂ ಹಾಗೇ ಇದೆ." ಅದರ ಕೆಳಗೆ ದೊಡ್ಡದಾಗಿ "ಹಿಂದಿನಂತೆ ಮಾಡು" ಎಂಬ ಬಟನ್. ಅಮೆರಿಕದ ಪ್ರೋಗ್ರಾಮರ್ ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿ, ಅಂದರೆ ಓದುಗರೇ ತಿದ್ದುವ ಜಾಲತಾಣ, ತೆರೆದಾಗ ಯಾರು ಬೇಕಾದರೂ ಪುಟ ತಿದ್ದಬಹುದು ಎಂದರು, ಜನ ಇದು ಉಳಿಯುವುದಿಲ್ಲ ಅಂದುಕೊಂಡರು. 2001ರಲ್ಲಿ ವಿಕಿಪೀಡಿಯ ಬಂತು, 2003ರಲ್ಲಿ ಕನ್ನಡದ್ದೂ ಬಂತು, ಎರಡೂ ಇವತ್ತಿಗೂ ನಡೆಯುತ್ತಿವೆ. ಅಲ್ಲಿ ಪ್ರತಿ ತಿದ್ದುಪಡಿಯೂ ಹೊತ್ತು, ಹೆಸರು ಸಮೇತ ಇತಿಹಾಸ ಪುಟದಲ್ಲಿ ಉಳಿಯುತ್ತದೆ. ಕೆಡಿಸಲು ಎಷ್ಟು ಹೊತ್ತು ಬೇಕೋ ಸರಿ ಮಾಡಲು ಅದಕ್ಕಿಂತ ಕಡಿಮೆ ಹೊತ್ತು ಸಾಕು. ಬಾಗಿಲು ತೆರೆದಿಟ್ಟೂ ಮನೆ ಉಳಿದದ್ದು ಇದರಿಂದ.

ಎರಡನೆಯದು, ಆ ಒಂದು ಉದ್ದದ ಡಾಕ್ಯುಮೆಂಟ್ ಬಿಟ್ಟುಬಿಡಿ. ಒಂದು ಪದಕ್ಕೆ ಒಂದು ಪುಟ ಸಾಕು. ಚೊಗರಿನ ಪುಟ ತೆರೆದವರ ಬೆರಳು ಜಾರಿದರೆ ಹೋಗುವುದು ಚೊಗರು ಮಾತ್ರ, ಮೆಟ್ಟುಗತ್ತಿಗೆ ಏನೂ ಆಗುವುದಿಲ್ಲ. ಇಬ್ಬರು ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಬರೆಯುವ ಸಂದರ್ಭವೂ ತೀರಾ ಕಡಿಮೆಯಾಗುತ್ತದೆ. ನೀವು ಸಾಫ್ಟ್‌ವೇರ್‌ನವರು, ಇಬ್ಬರ ಟೈಪಿಂಗನ್ನು ಅಲ್ಲಲ್ಲೇ ಹೊಂದಿಸುವ ಆ ಜಾಣ ಲೆಕ್ಕ ಬರೆಯುವ ಆಸೆ ಬಂದೇ ಬರುತ್ತದೆ. 1989ರಿಂದ ಅದರ ಮೇಲೆ ಸಂಶೋಧನೆ ನಡೆದಿದೆ, ಇವತ್ತಿಗೂ ಅದು ಸುಲಭದ ಕೆಲಸವಲ್ಲ. ನಿಮಗೆ ಅದು ಬೇಕಾಗಿಲ್ಲ. ನಿಮ್ಮ ಗುಂಪಿನಲ್ಲಿ ಒಬ್ಬರು ರಾತ್ರಿ ಊಟವಾದ ಮೇಲೆ ಬರೆಯುತ್ತಾರೆ, ಇನ್ನೊಬ್ಬರು ಬೆಳಗಿನ ಕಾಫಿ ಹೊತ್ತಿಗೆ. ಆ ಸಮಯವನ್ನು ಬೇರೆ ಕಡೆ ಹಾಕಿ.

ಎಲ್ಲಿ ಅಂದರೆ, ಯಾವ ಪುಟ ಯಾವ ಹಂತದಲ್ಲಿದೆ ಎಂದು ತೋರಿಸುವುದರಲ್ಲಿ. ನಾನು ಬಿಡುವಿದ್ದಾಗ ವಿಕಿಪೀಡಿಯದ ಸೋದರ ತಾಣವಾದ ವಿಕಿಸೋರ್ಸ್‌ನಲ್ಲಿ ಹಳೆಯ ಪುಸ್ತಕಗಳ ಪುಟ ತಿದ್ದುತ್ತೇನೆ. ಅಲ್ಲಿ ಒಂದು ವ್ಯವಸ್ಥೆ ಇದೆ, ನನಗೆ ಅದು ಬಹಳ ಇಷ್ಟ. ಎಡಗಡೆ ಅಕ್ಷರ, ಬಲಗಡೆ ಪುಟದ ಚಿತ್ರ. ತಿದ್ದದ ಪುಟ ಕೆಂಪು. ಒಬ್ಬರು ಓದಿ ತಿದ್ದಿದರೆ ಹಳದಿ. ಇನ್ನೊಬ್ಬರು ಮತ್ತೆ ಓದಿ ಒಪ್ಪಿದರೆ ಹಸಿರು. ಹಳದಿ ಮಾಡಿದವರೇ ಹಸಿರು ಮಾಡಲು ಆಗುವುದಿಲ್ಲ, ಎರಡನೆಯ ಕಣ್ಣು ಬೇಕೇ ಬೇಕು. ಮೊದಲ ಸಲ ಒಂದು ಪುಟವನ್ನು ಹಳದಿ ಮಾಡಿದಾಗ ನನಗೆ ಆದ ನೆಮ್ಮದಿ ನೆನಪಿದೆ. ತಪ್ಪಿದ್ದರೆ ಹಿಂದೆ ಇನ್ನೊಬ್ಬರು ಬರುತ್ತಾರೆ ಅಲ್ವಾ? ನಿಮ್ಮ ಪದಗಳಿಗೂ ಹೀಗೇ ಮಾಡಿ. ಮೇಷ್ಟ್ರಿಗೆ ಕೆಂಪು ಪದಗಳನ್ನು ಕೊಡಬೇಡಿ. ಹಳದಿಯವನ್ನು ಕೊಟ್ಟು "ಇದು ಸರಿಯಾ ನೋಡಿ ಸಾರ್" ಎಂದು ಕೇಳಿ. ಒಂದು ಬಟನ್ ಒತ್ತಿದರೆ ಮುಗಿಯುವ ಕೆಲಸದಿಂದ ಅವರು ಮತ್ತೆ ಒಳಗೆ ಬರುತ್ತಾರೆ, ಬರೆಯುವುದು ತಾನಾಗಿ ಆಮೇಲೆ ಶುರುವಾಗುತ್ತದೆ.

ಅರ್ಥದ ಬಗ್ಗೆ ಜಗಳ ಬಂದೇ ಬರುತ್ತದೆ. ಶಿರಸಿಯವರು ಒಂದು ಹೇಳುತ್ತಾರೆ, ಸಾಗರದವರು ಇನ್ನೊಂದು. ಅರ್ಥ ಬರೆಯುವ ಜಾಗ ಒಂದೇ ಇದ್ದರೆ ಒಬ್ಬರು ಇನ್ನೊಬ್ಬರದನ್ನು ಅಳಿಸಲೇಬೇಕಾಗುತ್ತದೆ. ಅದಕ್ಕೇ ಪ್ರತಿ ಅರ್ಥದ ಪಕ್ಕ "ಯಾವ ಊರು" ಮತ್ತು "ಯಾರು ಹೇಳಿದ್ದು" ಎಂಬ ಎರಡು ಖಾನೆ ಇಡಿ. ಎರಡು ಊರಿನ ಎರಡು ಅರ್ಥ ಒಂದರ ಕೆಳಗೊಂದು ಕೂರಲಿ. ಪದಕೋಶಕ್ಕೆ ಅದು ಲಾಭವೇ.

ಇನ್ನೊಂದು ಮಾತು. ವಾಟ್ಸಾಪ್ ಬಿಟ್ಟು ಇಲ್ಲಿಗೆ ಬನ್ನಿ ಎಂದು ಯಾರನ್ನೂ ಎಳೆಯಬೇಡಿ. 2013ರ ಜುಲೈನಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ ಹೊಸ ಸುಲಭ ಎಡಿಟರ್ ತಂದು ತೆರೆದಿಟ್ಟಾಗ ಹಳಬರು ಸಿಟ್ಟಾದರು, ಸೆಪ್ಟೆಂಬರ್‌ನಲ್ಲಿ ಅದನ್ನು ಬೇಕಾದವರಿಗೆ ಮಾತ್ರ ಎಂದು ಬದಲಿಸಬೇಕಾಯಿತು. ಹೊಸಬರಿಗೆ ಒಳ್ಳೆಯದಾಗಲಿ ಎಂದೇ ಮಾಡಿದ್ದು, ಆದರೆ ಹಳಬರ ಕೈಗೆ ರೂಢಿಯಾದ ದಾರಿಗೆ ಅಡ್ಡ ಬಂತು. ಮೇಷ್ಟ್ರು ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಕಳಿಸಲಿ, ಗುಂಪಿನ ಹುಡುಗರು ಅದನ್ನು ಕೇಳಿ ಪುಟಕ್ಕೆ ಏರಿಸಲಿ, "ಹೇಳಿದ್ದು" ಎಂಬ ಖಾನೆಯಲ್ಲಿ ಮೇಷ್ಟ್ರ ಹೆಸರೇ ಇರಲಿ. ಆ ಧ್ವನಿಯನ್ನೂ ಪುಟದಲ್ಲೇ ಉಳಿಸಿ. ಅಡಿಕೆ ಕೊನೆ ಕೊಯ್ಯುವ ಕೊನೆಗಾರ ಮರದ ಮೇಲಿಂದ ಕೂಗಿ ಹೇಳುವ ಮಾತನ್ನು ಅಕ್ಷರದಲ್ಲಿ ಎಷ್ಟು ಬರೆದರೂ ಆ ರಾಗ ಬರುವುದಿಲ್ಲ.

ಪ್ರಶ್ನೆ: ನಮ್ಮದೂ ಇಂಥದೇ ಒಂದು ಗುಂಪು. ಕೆಲವರು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಫೈಲ್ ತಂದು ಹಾಕಿದರೆ ಬರೀ ಇಂಗ್ಲಿಷ್ ಚಿಹ್ನೆಗಳ ರಾಶಿ ಕಾಣುತ್ತದೆ. ಕನ್ನಡಕ್ಕೆ ಅಂತ ವಿಶೇಷವಾಗಿ ಏನೇನು ಗಮನಿಸಬೇಕು?
— ಓದುಗರೊಬ್ಬರು, ಧಾರವಾಡ

ಉತ್ತರ: ಆ ಫೈಲುಗಳು ಪ್ರತಿ ಲಿಪಿಯ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ಯೂನಿಕೋಡ್‌ಗೆ ಮುಂಚಿನ ಕ್ರಮದಲ್ಲಿವೆ. ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಫಾಂಟ್ ಮಾತ್ರ ಕನ್ನಡದ ವೇಷ ಹಾಕಿಸುತ್ತಿತ್ತು. ಫಾಂಟ್ ತೆಗೆದರೆ ವೇಷ ಕಳಚುತ್ತದೆ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಇವೆ. ಅಂಟಿಸಿದ ಕೂಡಲೇ ಇದನ್ನು ಗುರುತಿಸಿ "ಇದು ಹಳೆಯ ಫಾಂಟಿನದು, ಬದಲಿಸಲೇ?" ಎಂದು ಸಾಧನವೇ ಕೇಳಿದರೆ ಬರೆದವರು ಕಂಗಾಲಾಗುವುದು ತಪ್ಪುತ್ತದೆ.

ಇನ್ನು ಒತ್ತಕ್ಷರ. "ಸ್ತ್ರೀ" ಎಂದು ಟೈಪ್ ಮಾಡಿ ನೋಡಿ. ಕಣ್ಣಿಗೆ ಒಂದೇ ಅಕ್ಷರ, ಒಳಗೆ ಆರು ತುಂಡು: ಸ, ವಿರಾಮ (ಒತ್ತು ಕೂಡಿಸುವ ಚಿಹ್ನೆ), ತ, ವಿರಾಮ, ರ, ದೀರ್ಘದ ಗುಣಿತ. ಹಿಂದಕ್ಕೆ ಅಳಿಸುವ ಕೀಲಿ ಒತ್ತುತ್ತಾ ಹೋದರೆ ಎಷ್ಟೋ ಕಡೆ ಒಂದೊಂದೇ ತುಂಡು ಕಳಚುತ್ತದೆ, ಮೊದಲು ಗುಣಿತ, ಆಮೇಲೆ ರ. ಟೈಪ್ ಮಾಡುವವರಿಗೆ ಇದು ಅನುಕೂಲವೇ. ತೊಂದರೆ ಬರುವುದು ಇಬ್ಬರು ತಿದ್ದಿದ್ದನ್ನು ಬೇರೆ ಬೇರೆ ಬಣ್ಣದಲ್ಲಿ ತೋರಿಸುವಾಗ. ಸ ಒಬ್ಬರದು, ತ ಒತ್ತು ಇನ್ನೊಬ್ಬರದು ಎಂದು ಬಣ್ಣ ಹಚ್ಚಲು ಹೋದರೆ ಒತ್ತು ಕಳಚಿ ಅಕ್ಷರವೇ ಒಡೆದು ಕಾಣಬಹುದು. ಬಣ್ಣ ಇಡೀ ಪದಕ್ಕೇ ಹಚ್ಚಿ, ತುಂಡಿಗೆ ಬೇಡ.

ಹುಡುಕುವುದರಲ್ಲೂ ಒಂದು ಕಾಣದ ಮುಳ್ಳು ಇದೆ. "ಕೊ" ಬರೆಯುವ ಗುಣಿತವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಇಡಬಹುದು, ಎರಡು ತುಂಡಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಆದರೆ ಒಬ್ಬರು ಒಂದು ಬಗೆಯಲ್ಲಿ "ಕೊಡಲಿ" ಬರೆದು, ಇನ್ನೊಬ್ಬರು ಇನ್ನೊಂದು ಬಗೆಯಲ್ಲಿ ಹುಡುಕಿದರೆ "ಪದ ಇಲ್ಲ" ಎಂಬ ಉತ್ತರ ಬರಬಹುದು, ಅವರು ಅದನ್ನೇ ಮತ್ತೆ ಬರೆಯುತ್ತಾರೆ. ಉಳಿಸುವ ಮುಂಚೆ ಎಲ್ಲವನ್ನೂ ಒಂದೇ ರೂಪಕ್ಕೆ ತರುವ ಒಂದು ಸಾಲಿನ ಕೋಡ್ ಇದನ್ನು ತಪ್ಪಿಸುತ್ತದೆ, ದಯವಿಟ್ಟು ಮೊದಲ ದಿನವೇ ಹಾಕಿ. ಸಾವಿರ ಪದ ಸೇರಿದ ಮೇಲೆ ಜೋಡಿಗಳನ್ನು ಹುಡುಕಿ ಸೇರಿಸುವುದು ತುಂಬಾ ಬೇಸರದ ಕೆಲಸ.

ಪ್ರಶ್ನೆ: ಸ್ವಂತ ಸಾಧನ ಕಟ್ಟುವ ಶಕ್ತಿ ನಮ್ಮ ಗುಂಪಿಗೆ ಇಲ್ಲ. ಸಿಕ್ಕಿದ್ದರಲ್ಲಿ ಯಾವುದನ್ನು ಆರಿಸಿಕೊಳ್ಳುವುದು?
— ಓದುಗರೊಬ್ಬರು, ಮುಂಬೈ

ಉತ್ತರ: ಐದಾರು ಜನರಿದ್ದರೆ ಗೂಗಲ್ ಡಾಕ್ಸ್ ಸಾಕು. ಆದರೆ ಲಿಂಕ್ ಕೊಡುವಾಗ ನೇರ ತಿದ್ದುವ ಹಕ್ಕು ಎಲ್ಲರಿಗೂ ಕೊಡಬೇಡಿ. ಹೊಸಬರಿಗೆ ಕಾಮೆಂಟ್ ಹಾಕುವ ಹಕ್ಕು ಕೊಟ್ಟರೆ ಅವರು ಸಲಹೆಯ ರೂಪದಲ್ಲಿ ಬರೆಯುತ್ತಾರೆ, ಇನ್ನೊಬ್ಬರು ಒಪ್ಪಿದ ಮೇಲೆ ಅದು ಸೇರುತ್ತದೆ. ಜನ ಜಾಸ್ತಿಯಾದರೆ ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶವೇ ಉಚಿತವಾಗಿ ಸಿಗುತ್ತದೆ. ಯಾವುದನ್ನು ಆರಿಸಿದರೂ, ಬರೆದದ್ದೆಲ್ಲ ಒಟ್ಟಿಗೆ ಇಳಿಸಿಕೊಳ್ಳಲು ಆಗುತ್ತದೆಯೇ ಎಂದು ಮೊದಲು ನೋಡಿ. ಗೂಗಲ್‌ನದೇ ವೇವ್ ಎಂಬ ಸಾಧನ 2009ರಲ್ಲಿ ಭಾರೀ ಸದ್ದು ಮಾಡಿ ಬಂತು, ಮರುವರ್ಷವೇ ಅದರ ಕೆಲಸ ನಿಲ್ಲಿಸಿದರು. ತಿಂಗಳಿಗೊಂದು ದಿನ ಗೊತ್ತು ಮಾಡಿ, ಅವತ್ತು ಪೂರ್ತಿ ಪ್ರತಿ ಇಳಿಸಿ ಇಬ್ಬರು ಬೇರೆ ಬೇರೆಯವರ ಕಂಪ್ಯೂಟರಿನಲ್ಲಿ ಇಡಿ.