ಎಂಜಿನ್‌ಗೆ ಟ್ಯೂನ್ (ಶಕ್ತಿ ಹೆಚ್ಚಿಸಲು ಅದರ ಕಂಪ್ಯೂಟರ್ ಸೆಟ್ಟಿಂಗ್ ಬದಲಿಸುವುದು) ಹಾಕಿಸಿದರೆ ಪಿಕಪ್ ಟ್ರಕ್ ಜಾಸ್ತಿ ಭಾರದ ಟ್ರೇಲರ್ ಎಳೆಯುತ್ತದಾ?

ಏರಿನಲ್ಲಿ ಎಳೆತ ಸಲೀಸಾಗುತ್ತದೆ ನಿಜ, ಆದರೆ ಕಂಪನಿ ಕೊಟ್ಟ ಟೋಯಿಂಗ್ ಮಿತಿ ಒಂದು ಕೆಜಿಯೂ ಏರುವುದಿಲ್ಲ. ಚಾಸಿ, ಆಕ್ಸಲ್, ಬ್ರೇಕ್, ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ), ಕೂಲಿಂಗ್ ಎಲ್ಲ ಹಳೆಯವೇ ಅಲ್ವಾ? ಟೋಯಿಂಗ್ ಮಿತಿ ನಿರ್ಧರಿಸುವ ಅಮೆರಿಕದ ಎಸ್‌ಎಇ ಜೆ2807 ಪರೀಕ್ಷೆಗೆ ಅರಿಜೋನಾದ ಡೇವಿಸ್ ಡ್ಯಾಮ್ ರಸ್ತೆಯೇ ಮಾದರಿ: ಸುಮಾರು 18 ಕಿ.ಮೀ. ಏರು, ಹಿಂದೆ ಟ್ರೇಲರ್, ಎಸಿ ಫುಲ್. ಇಂಥ ಕಡೆ ಬಿಸಿಯೇ ದೊಡ್ಡ ತಲೆನೋವು. ಟ್ಯೂನ್ ಮಾಡಿದ ಡೀಸೆಲ್ ಎಂಜಿನ್ ಇಂಧನ ಜಾಸ್ತಿ ಕುಡಿದು ಹೊಗೆಯ ಬಿಸಿ ಏರಿಸುತ್ತದೆ, ಆ ಹೆಚ್ಚಿನ ಟಾರ್ಕ್ ಗೇರ್‌ಬಾಕ್ಸ್ ಮೇಲೆ ಬಿದ್ದು ಅದರ ಆಯಿಲ್ಲೂ ಕಾಯುತ್ತದೆ, ಕೊನೆಗೆ ಕ್ಲಚ್ ಪ್ಲೇಟುಗಳು ಸುಟ್ಟರೆ ವಾರಂಟಿಯೂ ಕೈಕೊಡಬಹುದು. ಎಂಜಿನ್‌ಗೆ ತಂಪು ಗಾಳಿ ಎಳೆಯುವ ಕೋಲ್ಡ್ ಏರ್ ಇನ್‌ಟೇಕ್ ಬಹುಪಾಲು ಸುಮ್ನೆ ಸದ್ದು. ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಕಿತ್ತು ಹಾಕುವುದು ಅಮೆರಿಕದಲ್ಲಿ ಕಾನೂನುಬಾಹಿರ. ದುಡ್ಡು ಹಾಕಲೇಬೇಕು ಅಂದರೆ ಮೊದಲು ಗೇರ್‌ಬಾಕ್ಸ್ ಆಯಿಲ್ ತಂಪಾಗಿಸುವ ದೊಡ್ಡ ಟ್ರಾನ್ಸ್‌ಮಿಷನ್ ಕೂಲರ್ ಹಾಕಿಸಿ, ಡೀಸೆಲ್ ಆದರೆ ಇಳಿಜಾರಿಗೆ ಎಕ್ಸಾಸ್ಟ್ ಬ್ರೇಕ್ (ಹೊಗೆಯ ದಾರಿ ತಡೆದು ವೇಗ ತಗ್ಗಿಸುವ ಬ್ರೇಕ್).