ಬ್ರೈಟನ್ನಿಗೆ ಒಂದು ದಿನ ಸಾಕೆ?

ಪ್ರಶ್ನೆ: ಜೂನ್‌ನಲ್ಲಿ ಲಂಡನ್ನಿಗೆ ಹೋಗುತ್ತಿದ್ದೇವೆ. ದಕ್ಷಿಣ ಕರಾವಳಿಯ ಊರು ಬ್ರೈಟನ್ನಿಗೆ ಸಿಗುವುದು ಒಂದೇ ದಿನ. ರಾಯಲ್ ಪೆವಿಲಿಯನ್ ಅರಮನೆ, ಸಮುದ್ರದೊಳಕ್ಕೆ ಚಾಚಿದ ಪಿಯರ್ ಕಟ್ಟೆ, ಸೆವೆನ್ ಸಿಸ್ಟರ್ಸ್ ಬಿಳಿ ಬಂಡೆಗಳು ಮೂರನ್ನೂ ನೋಡಬಹುದೆ?

ಉತ್ತರ: ನೋಡಬಹುದು, ಪಿಯರ್ ಕೊನೆಗಿರಲಿ. ವಿಕ್ಟೋರಿಯಾ ನಿಲ್ದಾಣದಿಂದ ನೇರ ರೈಲಿನಲ್ಲಿ ಸುಮಾರು ಒಂದು ಗಂಟೆ. ಇಳಿದವರೇ ಈಸ್ಟ್‌ಬೋರ್ನ್ ಕಡೆಯ 12ನೇ ನಂಬರ್ ಬಸ್ ಹತ್ತಿ, ಸೀಫರ್ಡ್ ದಾಟಿದ ಮೇಲೆ ಎಕ್ಸೀಟ್‌ನಲ್ಲಿ ಇಳಿಯಿರಿ. ಹೆಚ್ಚಿನವರು ಎಡವುವುದು ಇಲ್ಲೇ. ಸೆವೆನ್ ಸಿಸ್ಟರ್ಸ್ ಉದ್ಯಾನದ ಮುಖ್ಯ ದಾರಿ ಕಕ್‌ಮಿಯರ್ ನದಿಯ ಪೂರ್ವ ದಡದಲ್ಲಿದೆ. ಅದರಲ್ಲಿ ಹೋದರೆ ಬಂಡೆಗಳ ಬುಡಕ್ಕೋ ನೆತ್ತಿಗೋ ತಲುಪುತ್ತೀರಿ, ಏಳು ಅಲೆಗಳಂತೆ ಸಾಲಾಗಿ ಮಾತ್ರ ಕಾಣುವುದಿಲ್ಲ. ಚಿತ್ರಗಳಲ್ಲಿ ನೋಡುವ ಆ ನೋಟ ಪಶ್ಚಿಮ ದಡದ ತುದಿಯ ಹಳೆಯ ಕೋಸ್ಟ್‌ಗಾರ್ಡ್ ಮನೆಗಳ ಹತ್ತಿರ. ನದೀಮುಖದಲ್ಲಿ ಸೇತುವೆಯಿಲ್ಲ; ತಪ್ಪಿದರೆ ಎಕ್ಸೀಟ್‌ಗೇ ವಾಪಸು ನಡೆಯಬೇಕು.

ಇದು ಸೀಮೆಸುಣ್ಣದ ಕಲ್ಲು. ಅಲೆಗಳು ಬುಡವನ್ನು ಕೊರೆಯುತ್ತವೆ, ಮೇಲಿನ ಅಂಚು ಆಧಾರವಿಲ್ಲದೆ ಚಾಚಿಕೊಂಡಿರುತ್ತದೆ, ಬಿರುಕು ಹುಲ್ಲಿನಡಿ ಮುಚ್ಚಿಹೋಗಿರುತ್ತದೆ. ಅಂಚಿನಿಂದಲೂ ಬುಡದಿಂದಲೂ ದೂರವಿರಿ.

ಮಧ್ಯಾಹ್ನ ಮೂರರೊಳಗೆ ಮರಳಿದರೆ ಅರಮನೆಗೆ ಸಮಯ ಸಾಲುತ್ತದೆ. 1815ರಿಂದ 1822ರವರೆಗೆ ಜಾನ್ ನ್ಯಾಶ್ ಅದಕ್ಕೆ ಈಗಿನ ರೂಪ ಕೊಟ್ಟ: ಹೊರಗೆ ಭಾರತದ ಗುಮ್ಮಟಗಳು, ಒಳಗೆಲ್ಲ ಚೀನಾದ ಅಲಂಕಾರ. ಪಿಯರ್‌ಗೆ ಸಂಜೆಯೇ ಚೆಂದ. ಜೂನ್‌ನಲ್ಲಿ ಒಂಬತ್ತರ ತನಕ ಬೆಳಕಿರುತ್ತದೆ.

ಪ್ರಶ್ನೆ: ಅಲ್ಲಿ ಭಾರತೀಯ ಸೈನಿಕರ ಸ್ಮಾರಕವಿದೆಯಂತೆ. ತಲುಪುವುದು ಹೇಗೆ?

ಉತ್ತರ: ‘ಛತ್ರಿ’ ಎಂದೇ ಅದರ ಹೆಸರು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಭಾರತೀಯ ಸೈನಿಕರಿಗೆ ಈ ಅರಮನೆಯೇ ಆಸ್ಪತ್ರೆಯಾಗಿತ್ತು. ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಹಿಂದೂ ಮತ್ತು ಸಿಖ್ ಸೈನಿಕರ ದಹನ ನಡೆದ ಜಾಗದಲ್ಲಿ, 1921ರಲ್ಲಿ, ಈ ಅಮೃತಶಿಲೆಯ ಮಂಟಪ ಅನಾವರಣಗೊಂಡಿತು. ಮುಸ್ಲಿಂ ಸೈನಿಕರ ಸಮಾಧಿಗಳನ್ನು ವೋಕಿಂಗ್‌ನಲ್ಲಿ ಮಾಡಲಾಯಿತು. ಬಾಗಿಲವರೆಗೆ ವಾಹನ ಹೋಗುವುದಿಲ್ಲ. ಬ್ರೈಟನ್ನಿನ ಉತ್ತರ ಅಂಚಿನ ಪ್ಯಾಚಮ್‌ನಿಂದ ಗುಡ್ಡದ ಮೇಲೆ ಕಾಲುದಾರಿಯಲ್ಲಿ ನಡೆಯಬೇಕು. ಮಳೆ ಬಂದರೆ ಸುಣ್ಣದ ಮಣ್ಣು ಜಾರುತ್ತದೆ, ಚಪ್ಪಲಿ ಬೇಡ. ಮೇಲಿನ ಒಂದು ದಿನದ ಯೋಜನೆಗೆ ಇದನ್ನೂ ತುರುಕಬೇಡಿ.

ಪ್ರಶ್ನೆ: ಚಿಕ್ಕ ಮಕ್ಕಳು ಸಮುದ್ರಕ್ಕೆ ಇಳಿಯಬಹುದೆ?

ಉತ್ತರ: ಮರಳಲ್ಲ, ಎಲ್ಲ ಉರುಟುಗಲ್ಲು, ನಾಲ್ಕು ಹೆಜ್ಜೆಗೇ ಆಳವಾಗಿಬಿಡುತ್ತದೆ. ನೀರಿನ ಶೂ ಹಾಕಿಸಿ, ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಇಳಿಸಿ. ನೀರು ಜೂನ್‌ನಲ್ಲೂ ಕೊರೆಯುತ್ತದೆ. ಅದಕ್ಕಿಂತ ಪಿಯರ್ ಬಳಿಯಿಂದ ದಡದುದ್ದಕ್ಕೂ ಓಡುವ ವೋಕ್ಸ್ ವಿದ್ಯುತ್ ರೈಲು ಹತ್ತಿಸಿ. 1883ರದ್ದು, ಇಂದಿಗೂ ಓಡುತ್ತಿದೆ. ಚಳಿಗಾಲದಲ್ಲಿ ಮಾತ್ರ ರಜೆ.