ಡೈರಿಯಲ್ಲಿನ ಸಹಿ: ಒಂಬತ್ತನೇ ತರಗತಿಯ ಒಂದು ಪ್ರಕರಣ

ಕೋಲಾರ ಜಿಲ್ಲೆಯ ಒಂದು ಖಾಸಗಿ ಅನುದಾನರಹಿತ ಬಾಲಕಿಯರ ಶಾಲೆಯಿಂದ, ಆಪ್ತ ಸಮಾಲೋಚಕಿಯಾದ ನನ್ನ ಬಳಿಗೆ ಬಂದ ಪ್ರಕರಣವಿದು. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಹುಡುಗಿ ಮತ್ತು ಅವಳ ತಂದೆತಾಯಿ ಓದಿ ಒಪ್ಪಿದ ಮೇಲೆಯೇ ಇದನ್ನು ಪ್ರಕಟಿಸಲಾಗುತ್ತಿದೆ. ಶಾಲೆಯ ಪತ್ರದಲ್ಲಿ ಇದ್ದದ್ದು ಇಷ್ಟು: "ಸದರಿ ವಿದ್ಯಾರ್ಥಿನಿಯು ತಂದೆಯ ಸಹಿಯನ್ನು ನಕಲು ಮಾಡಿರುತ್ತಾಳೆ, ಸುಳ್ಳು ಹೇಳುವ ಪ್ರವೃತ್ತಿ ಕಂಡುಬಂದಿರುತ್ತದೆ, ಗಣಿತದಲ್ಲಿ ಅಂಕಗಳು ಕುಸಿದಿರುತ್ತವೆ, ಸೂಕ್ತ ಸಲಹೆ ನೀಡುವುದು."

ತರಗತಿ ಶಿಕ್ಷಕಿ ಡೈರಿಯನ್ನೂ ಹಿಂದಿನ ವರ್ಷದ ಪ್ರಗತಿಪತ್ರವನ್ನೂ ಜೊತೆಗೆ ತಂದಿದ್ದರು. ಪ್ರಗತಿಪತ್ರದಲ್ಲಿದ್ದ ತಂದೆಯ ಸಹಿ ಒಂದೊಂದೇ ಅಕ್ಷರವನ್ನು ಕೂಡಿಸಿ ಬರೆದದ್ದು. ಎರಡನೆಯ ಅಕ್ಷರಕ್ಕೆ ತಲೆಕಟ್ಟು ಇರಲಿಲ್ಲ, ಕೊನೆಯದು ಗೆರೆ ಬಿಟ್ಟು ಮೇಲಕ್ಕೆ ಸರಿದಿತ್ತು, ಪೆನ್ನು ಒತ್ತಿದ ಗುರುತು ಹಿಂಬದಿಗೂ ಮೂಡಿತ್ತು. ಡೈರಿಯಲ್ಲಿದ್ದ ಸಹಿಗಳಲ್ಲಿಯೂ ತಲೆಕಟ್ಟು ಅದೇ ಜಾಗದಲ್ಲಿ ತಪ್ಪಿತ್ತು, ಕೊನೆಯ ಅಕ್ಷರವೂ ಮೇಲೇರಿತ್ತು, ಆದರೆ ಎಲ್ಲಿಯೂ ಪೆನ್ನು ಒತ್ತಿರಲಿಲ್ಲ, ಎಲ್ಲವೂ ಒಂದೇ ಅಳತೆಯಲ್ಲಿದ್ದವು. ಪ್ರತಿದಿನ ಕಪ್ಪುಹಲಗೆಯ ಮೇಲೆ ಸುಭಾಷಿತ ಬರೆಯುವ ಹುಡುಗಿಯ ಕೈ ಎಂದು ಶಿಕ್ಷಕಿಗೆ ಕೂಡಲೇ ತಿಳಿದಿತ್ತು. ಅವರು ಗಮನಿಸದೆ ಬಿಟ್ಟ ಸಂಗತಿ ಬೇರೆಯೇ ಇತ್ತು: ಮೊದಲ ರೂಪಣಾತ್ಮಕ ಮೌಲ್ಯಮಾಪನದ ಅಂಕಗಳ ಪುಟದಲ್ಲಿ, ಆ ಅಂಕಗಳು ಹೇಳಿಕೊಳ್ಳುವಂತಿಲ್ಲದಿದ್ದರೂ, ತಂದೆಯದೇ ಸಹಿಯಿತ್ತು. ನಕಲಿ ಸಹಿಗಳೆಲ್ಲ "ಶುಲ್ಕ ಬಾಕಿ, ಪೋಷಕರು ಗಮನಿಸುವುದು" ಎಂಬ ಮುದ್ರೆಯ ಕೆಳಗೆ ಮಾತ್ರ ಇದ್ದವು. ಅಂಕ ಮುಚ್ಚಿಡಲು ಸಹಿ ಹಾಕುವ ಮಕ್ಕಳನ್ನು ನಾನು ಸಾಕಷ್ಟು ಕಂಡಿದ್ದೇನೆ. ಕಡಿಮೆ ಅಂಕವನ್ನು ತೋರಿಸಿ, ಹಣದ ಸೂಚನೆಯನ್ನು ಮಾತ್ರ ಮುಚ್ಚಿಡುವ ಮಗುವಿನ ಸಮಸ್ಯೆಯನ್ನು "ಸುಳ್ಳು ಹೇಳುವ ಪ್ರವೃತ್ತಿ" ಎಂದು ಕರೆಯಲಾಗದು.

ಹಿನ್ನೆಲೆ ಹೀಗಿದೆ. ಈಕೆ ಒಂದನೇ ತರಗತಿಗೆ ಸೇರಿದ್ದು 2009ರ ಶಿಕ್ಷಣ ಹಕ್ಕು ಕಾಯ್ದೆಯಡಿ (ಆರ್‌ಟಿಇ) ಖಾಸಗಿ ಶಾಲೆಗಳಲ್ಲಿ ಮೀಸಲಿಡುವ ಶೇ. 25ರ ಸೀಟಿನಲ್ಲಿ. 2019ರಲ್ಲಿ ರಾಜ್ಯದ ನಿಯಮ ಬದಲಾಗಿ, ಸರ್ಕಾರಿ ಅಥವಾ ಅನುದಾನಿತ ಶಾಲೆ ಹತ್ತಿರದಲ್ಲಿದ್ದರೆ ಖಾಸಗಿ ಶಾಲೆಯಲ್ಲಿ ಈ ಸೀಟು ಸಿಗದಂತಾಯಿತು. ಅದಕ್ಕೂ ಮೊದಲು ಸೇರಿದ ಮಕ್ಕಳು ಈಗ ಒಬ್ಬೊಬ್ಬರಾಗಿ ಪ್ರೌಢಶಾಲೆಗೆ ಬರುತ್ತಿದ್ದಾರೆ. ಕಾಯ್ದೆಯ ರಕ್ಷಣೆ ಎಂಟನೇ ತರಗತಿಗೆ ಮುಗಿಯುತ್ತದೆ. ಎಂಟು ವರ್ಷ ಬೋಧನಾ ಶುಲ್ಕವನ್ನೇ ಕಟ್ಟದ ಮನೆಗೆ ಒಂಬತ್ತನೇ ತರಗತಿಯ ಜೂನ್ ತಿಂಗಳಲ್ಲಿ ಪೂರ್ತಿ ಶುಲ್ಕದ ಚೀಟಿ ಬರುತ್ತದೆ. ಈ ಮನೆಗೂ ಬಂದಿತ್ತು, ಮುಂಚಿತವಾಗಿ ಯಾರೂ ಒಂದು ಮಾತು ಹೇಳಿರಲಿಲ್ಲ.

ಹುಡುಗಿ ಮೊದಲ ಭೇಟಿಯಲ್ಲಿ ಕುರ್ಚಿಯ ತುದಿಯಲ್ಲಿ ಕುಳಿತು, ಕೇಳಿದ್ದಕ್ಕೆಲ್ಲ "ತಪ್ಪಾಯ್ತು ಮೇಡಂ" ಎಂದಷ್ಟೇ ಹೇಳಿದಳು. ಸಹಿ ನಕಲು ಮಾಡಿದರೆ ಪೊಲೀಸ್ ಕೇಸಾಗುತ್ತದೆ ಎಂದು ಸಹಪಾಠಿಯೊಬ್ಬಳು ಹೆದರಿಸಿದ್ದಳಂತೆ. ಹಾಗಾಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ನಾವು ಆಡುವ ಮಾತಿನಲ್ಲಿ ಯಾವುದು ನನ್ನಲ್ಲಿಯೇ ಉಳಿಯುತ್ತದೆ, ಜೀವಕ್ಕೆ ಅಪಾಯವಿದೆ ಎನಿಸಿದರೆ ಯಾವುದನ್ನು ನಾನು ಮುಚ್ಚಿಡುವಂತಿಲ್ಲ ಎಂಬುದನ್ನೂ ಮೊದಲೇ ತಿಳಿಸಿದೆ. ಸಾಯಬೇಕೆಂಬ ಯೋಚನೆ ಬಂದಿತ್ತೇ ಎಂದು ನೇರವಾಗಿ ಕೇಳಿದೆ. ಹೀಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಅಂಜಿಕೆ ಶಿಕ್ಷಕರಲ್ಲಿ ಇನ್ನೂ ಇದೆ, ಅದಕ್ಕೆ ಆಧಾರವಿಲ್ಲ. ಅವಳು ಇಲ್ಲವೆಂದಳು, ಆದರೆ ರಾತ್ರಿ ನಿದ್ದೆ ಬರುತ್ತಿಲ್ಲ ಎಂದಳು. ಮಕ್ಕಳ ಸಹಾಯವಾಣಿ 1098 ಮತ್ತು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಗಳನ್ನು ಅವಳ ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ ಅವಳ ಕೈಯಿಂದಲೇ ಬರೆಸಿದೆ.

ಎರಡನೆಯ ಭೇಟಿಯಲ್ಲಿ ಮಾತು ಬಂದಿತು. "ಅಪ್ಪನಿಗೆ ತೋರಿಸಿದ್ರೆ ಸಾಲ ಮಾಡಿ ಕಟ್ತಾರೆ ಮೇಡಂ. ತೋರಿಸ್ದೇ ಇದ್ರೆ ಒಂದು ತಿಂಗಳು ಹಂಗೇ ಹೋಗುತ್ತೆ." ಇದರ ಹಿಂದೆ ಇನ್ನೊಂದು ಭಯವೂ ಇತ್ತು. ಹೆಣ್ಣುಹುಡುಗಿಗೆ ಇಷ್ಟೊಂದು ಖರ್ಚು ಯಾಕೆ ಎಂದು ಅಜ್ಜಿ ಅಡುಗೆಮನೆಯಲ್ಲಿ ಅಂದದ್ದು ಅವಳ ಕಿವಿಗೆ ಬಿದ್ದಿತ್ತು. ಬಾಕಿಯ ಸೂಚನೆಯನ್ನು ಮನೆಯಲ್ಲಿ ತೋರಿಸಿದರೆ ಶಾಲೆಯೇ ತಪ್ಪಬಹುದು ಎಂದು ಅವಳು ಲೆಕ್ಕ ಹಾಕಿದ್ದಳು. ಆಮೇಲೆ ಅವಳು ಹೇಳಿದ ಸಂಗತಿ ಶಾಲೆಯ ಪತ್ರದಲ್ಲಿ ಇರಲಿಲ್ಲ. ಸೋಮವಾರ ಮತ್ತು ಗುರುವಾರ ಮೊದಲ ಅವಧಿಯ ಆರಂಭದಲ್ಲಿ ಬಾಕಿಯವರ ಹೆಸರು ಓದಿ ನಿಲ್ಲಿಸುತ್ತಿದ್ದರು. ಎಂಟು ವರ್ಷ ಒಟ್ಟಿಗೆ ಕುಳಿತ ಗೆಳತಿಯರಿಗೆ ಇವಳು ಆರ್‌ಟಿಇ ಸೀಟಿನವಳೆಂಬುದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆ ಎರಡು ದಿನ ಅವಳು ಬೇಕೆಂದೇ ತಡಮಾಡಿ ಬರತೊಡಗಿದಳು. ಆ ಎರಡು ದಿನವೂ ಮೊದಲ ಅವಧಿ ಗಣಿತದ್ದು. ಬಹುಪದೋಕ್ತಿಗಳ ಪಾಠ ಅವಳಿಗೆ ಅರ್ಧಂಬರ್ಧ ತಲುಪಿದ್ದು ಹೀಗೆ. ಬುದ್ಧಿ ಮಂದವಾದದ್ದರಿಂದಲೂ ಅಲ್ಲ, ಮೊಬೈಲಿನಿಂದಲೂ ಅಲ್ಲ. ಶಾಲೆಯವರು ಈ ಎರಡನ್ನೂ ನನಗೆ ಸೂಚಿಸಿದ್ದರು.

ತಂದೆ ಟೊಮೆಟೊ ಬೆಳೆಯುವ ಸಣ್ಣ ರೈತ, ತಾಯಿ ಎರಡು ಹಸು ಕಟ್ಟಿ ಡೇರಿಗೆ ಹಾಲು ಹಾಕುತ್ತಾರೆ. ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ.ಯ ಬಾಕ್ಸು 2023ರ ಜುಲೈನಲ್ಲಿ 2,000 ರೂಪಾಯಿ ದಾಟಿದ್ದು ಎಲ್ಲರಿಗೂ ನೆನಪಿದೆ, ಅದನ್ನು ಕೇಳಿದವರಿಗೆ ಇಲ್ಲಿನ ರೈತರೆಲ್ಲ ಸಿರಿವಂತರಾಗಿ ಕಾಣುತ್ತಾರೆ. ಕೂಲಿ ಮತ್ತು ಸಾಗಣೆಯ ಖರ್ಚೂ ಹುಟ್ಟದೆ ಹಣ್ಣನ್ನು ರಸ್ತೆಬದಿಗೆ ಸುರಿಯುವ ವರ್ಷಗಳು ಅವರಿಗೆ ನೆನಪಿರುವುದಿಲ್ಲ. ಈ ಬಾರಿ ಇವರ ತೋಟಕ್ಕೆ ಬಿಂಗಿ ರೋಗ ತಗುಲಿ ಗಿಡ ಮುರುಟಿಕೊಂಡಿತ್ತು. ಮಗಳು ನನ್ನ ಎದುರಿನಲ್ಲಿಯೇ ತಂದೆಗೆ ಎಲ್ಲವನ್ನೂ ಹೇಳಿದಳು. ಅವರು ಬಹಳ ಹೊತ್ತು ಡೈರಿಯನ್ನು ತಿರುವಿ ನೋಡಿದರು. ಸಹಿಯ ಬಗ್ಗೆ ಏನೂ ಅನ್ನಲಿಲ್ಲ. "ಬಾಕಿ ಇರೋದು ನನ್ದು. ನಂಗೆ ಒಂದು ಫೋನ್ ಮಾಡಿದ್ರೆ ಆಗ್ತಿತ್ತಲ್ಲ ಮೇಡಂ, ಮಗೂನ ಯಾಕೆ ನಿಲ್ಲಿಸಿದ್ರು?"

ಹುಡುಗಿಗೆ ನೀಡಿದ ಸಲಹೆ ಚಿಕ್ಕದು. ನಕಲಿ ಸಹಿ ತಪ್ಪೇ, ಅದನ್ನು ತಂದೆಗೂ ತರಗತಿ ಶಿಕ್ಷಕಿಗೂ ಅವಳೇ ಒಪ್ಪಿಕೊಳ್ಳಬೇಕು, ಅಲ್ಲಿಗೆ ಅದು ಮುಗಿಯಬೇಕು. ಮನೆಯ ಹಣದ ಚಿಂತೆಯನ್ನು ತಿಳಿದುಕೊಳ್ಳುವ ವಯಸ್ಸು ಅವಳದು, ಅದನ್ನು ಹೊತ್ತು ನಡೆಯುವ ವಯಸ್ಸಲ್ಲ ಎಂದು ಹೇಳಿದೆ. ಪ್ರಾರ್ಥನಾ ಸಭೆಯಲ್ಲಿ ಎಲ್ಲರೆದುರು ಕ್ಷಮೆ ಕೇಳಿಸಬೇಕೆಂದು ಆಡಳಿತ ಮಂಡಳಿಯ ಒಬ್ಬರು ಸೂಚಿಸಿದ್ದನ್ನು ನಾನು ಲಿಖಿತವಾಗಿ ವಿರೋಧಿಸಿದೆ. ಪ್ರತಿ ನಕಲಿ ಸಹಿಯ ಪಕ್ಕದಲ್ಲಿ ತಂದೆಯೇ ತಮ್ಮ ಸಹಿ ಹಾಕಿ ಅಂದಿನ ದಿನಾಂಕ ಬರೆದರು. ತಪ್ಪಿದ ಪಾಠಗಳನ್ನು ಗಣಿತ ಶಿಕ್ಷಕಿ ಊಟದ ವಿರಾಮದಲ್ಲಿ ಹೇಳಿಕೊಡಲು ಒಪ್ಪಿದರು.

ತಂದೆತಾಯಿಗೆ ಹೇಳಿದ್ದರಲ್ಲಿ ಹೆಚ್ಚಿನದು ವ್ಯವಹಾರದ ಮಾತು. ಬೆಳೆಯ ಹಣವನ್ನು ನಂಬಿ ಶುಲ್ಕದ ಗಡುವು ಒಪ್ಪಿಕೊಳ್ಳಬೇಡಿ, ಹದಿನೈದು ದಿನಕ್ಕೊಮ್ಮೆ ಬರುವ ಹಾಲಿನ ಬಟವಾಡೆಯಲ್ಲಿ ಎಷ್ಟು ತೆಗೆದಿಡಬಹುದೋ ಅಷ್ಟನ್ನೇ ಕಂತೆಂದು ಬರೆದುಕೊಡಿ ಎಂದೆ. ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಲು ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆ ಬೇಕು. ಅವರ ಪ್ರಮಾಣಪತ್ರದ ಅವಧಿ ಮುಗಿದಿತ್ತು, ಮೊದಲು ನಾಡಕಚೇರಿಗೆ ಹೋಗಲು ತಿಳಿಸಿದೆ. ಆ ಮೊತ್ತ ಈ ಶಾಲೆಯ ಶುಲ್ಕಕ್ಕೆ ಸಾಲದು ಎಂಬುದನ್ನೂ ಮುಚ್ಚಿಡಲಿಲ್ಲ. ಸರ್ಕಾರಿ ಪ್ರೌಢಶಾಲೆಗೆ ಸೇರಿಸುವುದು ಸೋಲೇನೂ ಅಲ್ಲ. ಆದರೆ ಆ ಮಾತನ್ನು ಮಗಳೊಂದಿಗೆ ಕುಳಿತು ಆಡಿ, ಬೆದರಿಕೆಯಾಗಿ ಆಡಬೇಡಿ ಎಂದೆ. ಹೆಣ್ಣುಮಕ್ಕಳಷ್ಟೇ ಇರುವ ಶಾಲೆಯನ್ನು ನಮ್ಮ ಕಡೆ ಹೆಚ್ಚಿನವರು ಆರಿಸಿಕೊಳ್ಳುವುದು ಭದ್ರತೆಗಾಗಿ. ಅಲ್ಲಿ ಹುಡುಗಿಯರಿಗೆ ಸಿಗುವುದು ಅದಕ್ಕಿಂತ ಹೆಚ್ಚಿನದು: ಮೈಕಿನ ವೈರು ಜೋಡಿಸುವುದು, ಪ್ರಯೋಗಾಲಯದ ಬೀಗದ ಕೈ ಇಟ್ಟುಕೊಳ್ಳುವುದು, ಶಾಲಾ ಸಂಸತ್ತಿನಲ್ಲಿ ವಾದಿಸುವುದು ಎಲ್ಲವೂ ಅವರದೇ ಕೆಲಸ. ಈಕೆ ಪ್ರಯೋಗಾಲಯದ ಉಸ್ತುವಾರಿ. ಲೆಕ್ಕ ಹಾಕುವಾಗ ಅದನ್ನೂ ಸೇರಿಸಿ ಎಂದು ತಾಯಿಗೆ ಹೇಳಿದೆ, ಅವರು ಅದನ್ನು ಅದೇ ಮೊದಲ ಬಾರಿ ಕೇಳಿದ್ದರು.

ಶಾಲೆಗೆ ಬರೆದ ವರದಿಯೇ ಎಲ್ಲಕ್ಕಿಂತ ಉದ್ದವಾಯಿತು. ಶುಲ್ಕ ಕೇಳುವ ಹಕ್ಕು ಶಾಲೆಗಿದೆ, ಸಂಬಳ ಕೊಡಬೇಕಾದ ಸಂಸ್ಥೆ ಕೇಳಲೇಬೇಕು, ಕೇಳಬೇಕಾದದ್ದು ಪೋಷಕರನ್ನು. ಡೈರಿಯಲ್ಲಿ ಬಾಕಿಯ ಮುದ್ರೆ ಹಾಕುವುದನ್ನೂ ತರಗತಿಯಲ್ಲಿ ಹೆಸರು ಓದುವುದನ್ನೂ ಅಂದಿನಿಂದಲೇ ನಿಲ್ಲಿಸಿ, ಕಚೇರಿಯಿಂದ ಫೋನ್ ಮಾಡಬೇಕೆಂದು ಸೂಚಿಸಿದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಾನಸಿಕ ಹಿಂಸೆಯನ್ನು ನಿಷೇಧಿಸುತ್ತದೆಯಾದರೂ ಅದು ಎಂಟನೇ ತರಗತಿಯವರೆಗೆ ಮಾತ್ರ ಎಂಬ ವಾದ ಬಂದಿತು. ಏಪ್ರಿಲ್‌ನಲ್ಲಿ ಎಂಟನ್ನು ಮುಗಿಸಿ ಜೂನ್‌ನಲ್ಲಿ ಒಂಬತ್ತಕ್ಕೆ ಬಂದ ಹುಡುಗಿಯ ಮರ್ಯಾದೆ ಆ ರಜೆಯಲ್ಲಿ ಸವೆದುಹೋಗಿರುವುದಿಲ್ಲ ಎಂದು ಉತ್ತರಿಸಿದೆ. ಮುದ್ರೆಯೂ ಹೆಸರು ಓದುವುದೂ ನಿಂತಿವೆ. ಹುಡುಗಿ ಸೋಮವಾರವೂ ಸಮಯಕ್ಕೆ ಬರುತ್ತಿದ್ದಾಳೆ, ನಿದ್ದೆ ಸುಧಾರಿಸಿದೆ, ಗಣಿತ ಇನ್ನೂ ಹಿಂದಿದೆ.

ಅದೇ ಶಾಲೆಯ ಎಂಟನೇ ತರಗತಿಯಲ್ಲಿ ಆರ್‌ಟಿಇ ಸೀಟಿನ ಇನ್ನೂ ಕೆಲವು ಹುಡುಗಿಯರಿದ್ದಾರೆ. ಅವರ ಪೋಷಕರನ್ನು ಡಿಸೆಂಬರ್‌ನಲ್ಲಿಯೇ ಒಬ್ಬೊಬ್ಬರನ್ನಾಗಿ ಕರೆದು ಮುಂದಿನ ವರ್ಷದ ಶುಲ್ಕ, ಕಂತು ಮತ್ತು ರಿಯಾಯಿತಿಯ ಬಗ್ಗೆ ಮಾತನಾಡಬೇಕು ಎಂಬುದು ವರದಿಯ ಕೊನೆಯ ಶಿಫಾರಸು. ಮುಖ್ಯೋಪಾಧ್ಯಾಯಿನಿ ಒಪ್ಪಿದ್ದಾರೆ, ಕಂತಿನ ವಿಚಾರಕ್ಕೆ ಆಡಳಿತ ಮಂಡಳಿಯ ಉತ್ತರ ಇನ್ನೂ ಬರಬೇಕಿದೆ.